ಗೋಡೆಯ ಮೇಲಿನ ಶ್ರೀಕಂಠಯ್ಯ

ಪರ್ತ್‌ನಿಂದ ಬಂದು ಅಡಿಲೇಡ್ ವಿಮಾನ ನಿಲ್ದಾಣದಲ್ಲಿ ಇಳಿದ ಮಾಲವಿಕಾಳ ಹಣ್ಣಿನ ಬುಟ್ಟಿ ಕಸದ ಡಬ್ಬಿ ಸೇರಿತು. ಬೇರೆ ರಾಜ್ಯದ ಹಣ್ಣನ್ನು ಒಳಗೆ ಬಿಡುವಂತಿಲ್ಲ, ಅದರ ಜೊತೆ ನೊಣವೂ ಬರುತ್ತದೆ ಎಂದು ಸಮವಸ್ತ್ರದ ಹೆಂಗಸು ನಯವಾಗಿಯೇ ಹೇಳಿ, ಸೇಬು, ಕಿತ್ತಳೆ, ಬಾಳೆಹಣ್ಣಿನ ಚಿಪ್ಪನ್ನು ತಾನೇ ಎತ್ತಿ ಹಾಕಿದಳು. ಉಳಿದದ್ದು ಒಂದು ಜರಿ ಶಾಲು, ಒಂದು ಮೈಸೂರು ಪೇಟ.

ಸದ್ಯ, ಅಷ್ಟಾದರೂ ಉಳಿಯಿತು. ಹಿರಿಯರನ್ನು ಬರಿಗೈಯಲ್ಲಿ ನೋಡುವುದು ಹೇಗೆ?

ಹಿರಿಯರ ಹೆಸರು ಯು. ಶ್ರೀಕಂಠಯ್ಯ. ಪರ್ತ್‌ನ ಬೆಂಟ್ಲಿಯ ಪಕ್ಕದಲ್ಲಿರುವ ಕ್ಯಾನಿಂಗ್ ಬೆಂಡ್ ಕಾಲೇಜಿನ ಕ್ರೀಡಾಂಗಣದ ಗೋಡೆಯ ಮೇಲೆ, ಹಾಕಿ ಆಟದ ಒಂದೇ ಸೀಸನ್ನಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರ ಹಲಗೆಯಲ್ಲಿ, ಚಿನ್ನದ ಬಣ್ಣದ ಅಕ್ಷರಗಳಲ್ಲಿ ಆ ಹೆಸರಿತ್ತು. ಇಸವಿ ಇರಲಿಲ್ಲ. ಫೋಟೋ ಇರಲಿಲ್ಲ. ಶ್ರೀಕಂಠಯ್ಯ ಎಂದರೆ ಮೈಸೂರಿನ ಯಾವ ಹುಡುಗಿಯ ಕಣ್ಣಿಗಾದರೂ ಬರುವುದು ಒಂದೇ ಚಿತ್ರ: ಮಫ್ಲರ್ ಸುತ್ತಿಕೊಂಡು ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವ ತಾತ. ಎಪ್ಪತ್ತರ ದಶಕದಲ್ಲಿ ಓದಲು ಬಂದವರಿರಬೇಕು ಎಂದುಕೊಂಡಿದ್ದಳು.

ಬ್ರಿಸ್ಬೇನ್, ಅಡಿಲೇಡ್‌ಗಳ ಶಾಲೆಗಳಿಂದ ಒಳ್ಳೆಯ ಆಟಗಾರರು ಈಗೀಗ ಕ್ಯಾನಿಂಗ್ ಬೆಂಡ್ ಕಡೆ ತಲೆ ಹಾಕುತ್ತಿರಲಿಲ್ಲ. ಹಳೆಯ ಹಲಗೆ ಕಿತ್ತು ಮುಟ್ಟಿದರೆ ಮಾತಾಡುವ ಪರದೆಗಳನ್ನು ಹಾಕಿದರೆ ಬರುತ್ತಾರೆ ಎಂದು ಕ್ರೀಡಾ ವಿಭಾಗ ಲೆಕ್ಕ ಹಾಕಿತು. 2016ರ ಆ ವರ್ಷ, ಗೋಡೆಯ ಮೇಲಿನ ಒಬ್ಬೊಬ್ಬರನ್ನೂ ಹುಡುಕಿ ಮಾತಾಡಿಸಿ, ವಿಡಿಯೋ ಮಾಡಿ, ಮಿಂಚಿಸುವ ಕೆಲಸ ಡಿಸೈನರ್ ಮಾಲವಿಕಾಳ ಪಾಲಿಗೆ ಬಂತು. ಹೊಸಬರು ಕಾಲೇಜು ನೋಡಲು ಬರುವ ಆಗಸ್ಟಿನ ಓಪನ್ ಡೇ ಚೆನ್ನಾಗಿ ನಡೆದರೆ ಅವಳ ಗುತ್ತಿಗೆ ಕೆಲಸ ಕಾಯಂ.

ಅಡಿಲೇಡಿನಲ್ಲಿದ್ದ ಶ್ರೀಕಂಠಯ್ಯನವರ ಜೊತೆ ಫೋನಿನಲ್ಲಿ ಅವಳು ಎರಡು ಸಲ ಮಾತಾಡಿದ್ದಳು. ನೆಗಡಿ ಕಟ್ಟಿದ ಭಾರದ ದನಿ.

"ಮಂಡಿ ಸ್ವಲ್ಪ ತೊಂದ್ರೆ ಕೊಡುತ್ತಮ್ಮ," ಎಂದಿತ್ತು ದನಿ. "ಆಟ ಬಿಟ್ಟು ಎಷ್ಟೋ ಕಾಲ ಆಯ್ತು."

"ಅಯ್ಯೋ, ನೀವು ಪರ್ತ್‌ಗೆ ಬರೋದೇ ಬೇಡ ಅಂಕಲ್. ನಾನೇ ಬರ್ತೀನಿ. ರಾತ್ರಿ ಮಲಗೋ ಮುಂಚೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಕೊಳ್ಳಿ."

"ಹಚ್ಕೋತೀನಮ್ಮ," ಎಂದಿತ್ತು ದನಿ, ತೀರಾ ಮೆತ್ತಗೆ.

ಈಗ ಅಡಿಲೇಡಿನ ಹಾಕಿ ಕ್ಲಬ್ಬಿನ ಗೇಟಿನ ಬಳಿ ಅವಳು ಮುದುಕರೊಬ್ಬರನ್ನು ಹುಡುಕುತ್ತಿದ್ದಳು. ಮೈದಾನದ ತುಂಬ ಹುಡುಗಿಯರು. ನಡುವೆ ಕೊರಳಿಗೆ ಸೀಟಿ ತೂಗುಹಾಕಿಕೊಂಡ ಒಬ್ಬ ಯುವಕ. ಬಲಗಾಲನ್ನು ಒಂದಿಷ್ಟೇ ತಡವಾಗಿ ಎತ್ತಿಡುವ ನಡಿಗೆ, ಬಿಸಿಲಿಗೆ ಕಿರಿದಾದ ಕಣ್ಣು. ಅವಳು ಇಂಗ್ಲಿಷಿನಲ್ಲಿ ವಿಚಾರಿಸಿದಳು. ಅವನು ಅವಳ ಕೈಯಲ್ಲಿದ್ದ ಪೇಟವನ್ನು ನೋಡಿದ. ಆಮೇಲೆ ಅವಳನ್ನು.

"ಯಾವ ಶ್ರೀಕಂಠಯ್ಯ ಬೇಕಿತ್ತು? ದೊಡ್ಡೋರು ಬ್ರಿಸ್ಬೇನಿನಲ್ಲಿ ಟೊಮೇಟೊ ಗಿಡಕ್ಕೆ ನೀರು ಹಾಕ್ತಿರ್ತಾರೆ. ಚಿಕ್ಕೋನು ಇಲ್ಲೇ ಇದೀನಿ."

ದನಿ ಅದೇ. ನೆಗಡಿ ಮಾತ್ರ ಹೋಗಿತ್ತು.

"ನೀವು... ಅಂಕಲ್..."

"ಉತ್ತಮ್. ಶ್ರೀಕಂಠಯ್ಯ ನಮ್ಮಪ್ಪ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂತ ಏನಾದ್ರೂ ಬರೀಲೇಬೇಕಲ್ಲ? ಆವತ್ತಿಂದ ಈ ದೇಶಕ್ಕೆ ನಾನು ಮಿಸ್ಟರ್ ಶ್ರೀಕಂಠಯ್ಯ."

ಅವಳ ಕಿವಿ ಕೆಂಪಾಯಿತು. ಅವಳ ಪಾಸ್‌ಪೋರ್ಟಿನಲ್ಲೂ ಅವಳು ಮಿಸ್ ರಾಜಗೋಪಾಲ. ತನಗೇ ಹೊಳೆಯಬೇಕಿತ್ತು!

"ಫೋನಲ್ಲೇ ಹೇಳೋಕೆ ಏನಾಗಿತ್ರೀ ನಿಮ್ಗೆ?"

"ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಎಳ್ಳೆಣ್ಣೆ ಹಚ್ಚಿ ಅಂದ್ರಿ." ಅವನು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡ. "ನನ್ನ ಮಂಡಿನ ಅಷ್ಟು ಪ್ರೀತಿಯಿಂದ ಯಾರೂ ವಿಚಾರಿಸಿರ್ಲಿಲ್ಲ. ಕಳ್ಕೊಳ್ಳೋಕೆ ಮನಸ್ಸಾಗ್ಲಿಲ್ಲ."

ಹುಡುಗಿಯರು ಸುತ್ತ ಕೂಡಿ ಕೂಗತೊಡಗಿದರು. ಅವರಲ್ಲಿ ಅನು ಎಂಬ ಕನ್ನಡದ ಹುಡುಗಿಯದೇ ಹೆಚ್ಚು ಗಲಾಟೆ: "Coach, put it on!" ಪೇಟ ತಲೆಗೇರಿತು. ಮಾಲವಿಕಾ ಶಾಲು ಹೊದಿಸಲು ತುದಿಗಾಲಿನ ಮೇಲೆ ನಿಲ್ಲಬೇಕಾಯಿತು. ಅವನು ತಲೆ ಬಗ್ಗಿಸಿದಾಗ ಇಬ್ಬರ ಉಸಿರು ಒಂದು ಕ್ಷಣ ಒಂದೇ ಜಾಗದಲ್ಲಿತ್ತು.

*

ಮಧ್ಯಾಹ್ನ ಇಳಿದ ಮೇಲೆ ಸೆಮಫೋರಿನ ಕಡಲ ತೀರದಲ್ಲಿ, ನೀರಿನೊಳಗೆ ಚಾಚಿಕೊಂಡ ಮರದ ಜೆಟ್ಟಿಯ ಮೇಲೆ ಅವನನ್ನು ಕೂರಿಸಿ ಕ್ಯಾಮೆರಾ ಹಚ್ಚಿದಳು. ಕಡಲು ತಿಳಿಯಾಗಿತ್ತು. ಬೆಳಕು ನೀರಿನ ಮೇಲೆ ತೆಳ್ಳಗೆ ಹರಡಿಕೊಂಡಿತ್ತು, ಯಾರೋ ಮಡಿಸದೆ ಬಿಟ್ಟುಹೋದ ಸೀರೆಯ ಹಾಗೆ.

ಗೋಲುಗಳ ಬಗ್ಗೆ ಕೇಳಿದಳು. ಅವನು ನಗುತ್ತಾ ಹೇಳಿದ. ಫೋಟೋ ಯಾಕಿಲ್ಲ ಎಂದು ಕೇಳಿದಳು. ನಗು ನಿಂತಿತು.

"ಫೋಟೋ ತೆಗೆಯೋ ದಿನ ನಾನು ಅಲ್ಲಿರಲಿಲ್ಲ."

ಹದಿನೆಂಟಕ್ಕೆ ಬ್ರಿಸ್ಬೇನಿನಿಂದ ಅವನನ್ನು ಕರೆತಂದಿದ್ದರು. ಸ್ಕಾಲರ್‌ಶಿಪ್, ಹಾಸ್ಟೆಲು, ಭುಜದ ಮೇಲೆ ಕೈ. ಎರಡನೆಯ ವರ್ಷದ ಕೊನೆಯ ಪಂದ್ಯದಲ್ಲಿ ಮಂಡಿಯ ಒಳಗೆ ಏನೋ ಹರಿಯಿತು. ಕಾಲಿಗೆ ಪಟ್ಟಿ ಇರುವಾಗಲೇ ಸ್ಕಾಲರ್‌ಶಿಪ್ ನಿಂತಿತು. ಹಾಸ್ಟೆಲಿನ ಕೋಣೆ ಹೊಸ ಆಟಗಾರನಿಗೆ ಬೇಕಂತೆ, ಖಾಲಿ ಮಾಡಿಸಿದರು. ಬೆಂಟ್ಲಿಯ ಬಾಡಿಗೆ ಮನೆಯೊಂದರ ನಡುಮನೆಯಲ್ಲಿ ಮಲಗಿ, ಪೆಟ್ರೋಲ್ ಬಂಕಿನಲ್ಲಿ ಬಿಲ್ಲು ಹಾಕಿ, ಊರುಗೋಲು ಬಿಟ್ಟು ನಡೆಯುವವರೆಗೂ ಅಪ್ಪನಿಗೆ ಸುಳ್ಳು ಹೇಳಿದ್ದ: ಇನ್ನೂ ಆಡ್ತಿದೀನಪ್ಪ ಎಂದು.

"ನನ್ನ ಗೋಲು ಇಟ್ಕೊಂಡ್ರು. ನನ್ನ ಕಳಿಸಿಬಿಟ್ರು," ಎಂದ. ಕೋಪವಿರಲಿಲ್ಲ ದನಿಯಲ್ಲಿ. ಅದೇ ಅವಳನ್ನು ಹೆಚ್ಚು ಕಾಡಿತು.

ಗೆದ್ದವರ ಗೋಡೆ ಎಂದು ಕರೆಯುವ ಆ ಗೋಡೆ ಎಷ್ಟು ಜಾಣ ಗೋಡೆ! ಕಾಲು ಓಡುವವರೆಗೆ ಹೆಸರು ಬರೆದುಕೊಳ್ಳುತ್ತದೆ. ಕಾಲು ನಿಂತ ದಿನ ಮುಖ ತಿರುಗಿಸುತ್ತದೆ. ಅದಕ್ಕೆ ತಾನು ಬಣ್ಣ ಬಳಿಯಲು ಬಂದಿದ್ದೇನೆ ಎನಿಸಿತು ಮಾಲವಿಕಾಳಿಗೆ.

"ನನ್ನ ಮುಖ ಹಾಕಿ, ಬೇಡ ಅನ್ನಲ್ಲ," ಎಂದ ಅವನು. "ಆದ್ರೆ ಮಂಡಿ ವಿಷ್ಯಾನೂ ಹಾಕಿ. ನನ್ನನ್ನ ತೋರಿಸಿ ಇನ್ನೊಂದು ಮಗುನ ಕರೀಬೇಡಿ. ಅಷ್ಟೇ ಕೇಳೋದು."

"ಇದ್ದದ್ದು ಇದ್ದ ಹಾಗೆ ಹಾಕ್ತೀನಿ. ನಾನು ಮಾತು ಕೊಡ್ತೀನಿ."

ಅವನು ಅವಳನ್ನೇ ನೋಡಿದ. ಗಾಳಿ ಅವಳ ಕೂದಲನ್ನು ಬಾಯಿಗೆ ತಂದು ಹಾಕುತ್ತಿತ್ತು. ಅದನ್ನು ಸರಿಸಲು ಅವನ ಕೈ ಅರ್ಧ ಎದ್ದು, ನಾಚಿ, ತನ್ನದೇ ಮಂಡಿಯ ಮೇಲೆ ಕೂತಿತು.

*

ಆಮೇಲೆ ಸಂಜೆಗಳೆಲ್ಲ ಫೋನಿನದಾದವು. ಅಡಿಲೇಡಿನಲ್ಲಿ ಕತ್ತಲಾಗಿ ಒಂದೂವರೆ ಗಂಟೆಯ ಮೇಲೆ ಪರ್ತ್‌ನಲ್ಲಿ ಸೂರ್ಯ ಮುಳುಗುತ್ತಿದ್ದ. ಹ್ಯಾರಿಸ್‌ಡೇಲಿನ ತಾನು ಬಾಡಿಗೆಗಿದ್ದ ಮನೆಯ ಹಿತ್ತಲಿನಲ್ಲಿ, ಬಟ್ಟೆ ಒಣಗುವ ತಂತಿಯ ಕೆಳಗೆ ಅವಳು ಕೂತಿರುತ್ತಿದ್ದಳು.

"ನಮ್ದು ಮುಗೀತು. ನಿಮ್ಮ ಹತ್ರ ಇನ್ನೂ ಉಳಿದಿದೆಯಾ?" ಎಂದು ಅವನು ಕೇಳುತ್ತಿದ್ದ.

"ಇದೆ. ಬೇಲಿ ಮೇಲೆ ಕೂತಿದಾನೆ ಸೂರ್ಯ."

"ಯಾವ ಬಣ್ಣ?"

"ಮಾವಿನಹಣ್ಣಿನ ರಸಾಯನದ ಬಣ್ಣ. ಯಾಲಕ್ಕಿ ಜಾಸ್ತಿ ಆಗಿದೆ."

"ಸ್ವಲ್ಪ ಎತ್ತಿಡಿ ನಂಗೆ."

ಮನೆಯೊಡತಿ ರತ್ನಾ ಆಂಟಿಯ ಗಂಡ ಗಣಿಗೆ ಹೋದರೆ ಎರಡು ವಾರ ಬರುತ್ತಿರಲಿಲ್ಲ. ಫೋನಿನ ಪ್ರೇಮದ ಕಷ್ಟ ಸುಖ ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಬಂದು, "ಯಾರೇ ಅದು, ಅಂಕಲ್ಲಾ?" ಎಂದು ಕಣ್ಣು ಮಿಟುಕಿಸಿ, ಒಂದೇ ಒಂದು ಟವೆಲು ತೆಗೆದುಕೊಂಡು ಹೋಗುತ್ತಿದ್ದರು.

ಒಂದು ವಿಷಯವನ್ನು ಮಾತ್ರ ಮಾಲವಿಕಾ ಅವನಿಗೆ ಹೇಳಿರಲಿಲ್ಲ. ವಿಭಾಗದ ಮುಖ್ಯಸ್ಥ ಗ್ರೆಗ್ ಇಂಗ್ಲಿಷ್ ಅಡಿಬರಹ ಹಾಕಿದ ವಿಡಿಯೋ ನೋಡಿ ಚಪ್ಪಾಳೆ ತಟ್ಟಿದ್ದ. ಎಂಥ ಮುಖ, ಎಂಥ ನಗು, ಭಾರತದ ಕುಟುಂಬಗಳು ಸಾಲು ನಿಲ್ಲುತ್ತವೆ ಎಂದಿದ್ದ. ಆಮೇಲೆ, ಹಗುರವಾಗಿ: "ಆ ಮಂಡಿಯ ಭಾಗ ಕತ್ತರಿಸಿಬಿಡು. ಇದು ಗೆಲುವಿನ ಗೋಡೆ, ಆಸ್ಪತ್ರೆಯಲ್ಲ."

ಅವಳು ವಾದಿಸಿದಳು. ನಿನ್ನ ಕೆಲಸ ಕಾಯಂ ಆಗುವ ಹೊತ್ತು, ನೆನಪಿರಲಿ ಎಂದು ಗ್ರೆಗ್ ನಕ್ಕ. ಹೇಗಾದರೂ ಒಪ್ಪಿಸುತ್ತೇನೆ, ಒಪ್ಪಿಸಿದ ಮೇಲೆ ಉತ್ತಮ್‌ಗೆ ಹೇಳಿದರಾಯಿತು ಎಂದು ಅವಳು ದಿನ ದೂಡಿದಳು. ಸುಂದರವಾದ ಸಂಜೆಗಳನ್ನು ಕೆಡಿಸಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ಓಪನ್ ಡೇಗೆ ಒಂದು ವಾರ ಇರುವಾಗ ಕಾಲೇಜಿನ ಫೇಸ್‌ಬುಕ್ ಪುಟದಲ್ಲಿ ಉತ್ತಮ್‌ನ ಮುಖ ಹೊಳೆಯಿತು. ಹಿಂದೆ ಸೆಮಫೋರಿನ ಕಡಲು, ಅವಳೇ ಹಿಡಿದ ಬೆಳಕು. ಕೆಳಗೆ: ಮುಂದಿನ ದಂತಕಥೆ ನೀವೇ! ಮಂಡಿಯ ಮಾತೇ ಇರಲಿಲ್ಲ.

ಅವತ್ತು ಫೋನು ಸೂರ್ಯ ಮುಳುಗುವ ಮೊದಲೇ ಬಂತು.

"ಅನು ಅಪ್ಲೈ ಮಾಡಿದಾಳೆ," ಎಂದ ಉತ್ತಮ್. "ಕೋಚ್ ಮುಖ ಇದೆ, ಒಳ್ಳೇ ಜಾಗಾನೇ ಇರುತ್ತೆ ಅಂತ ಅವರಮ್ಮನೂ ಹೂಂ ಅಂದ್ರಂತೆ."

"ಉತ್ತಮ್, ಅದನ್ನ ನಾನು ಹಾಕಿಲ್ಲ. ನಂಗೆ ಹೇಳ್ದೇ..."

"ಮಂಡಿ ವಿಷ್ಯ ತೆಗೀತಾರೆ ಅಂತ ನಿಮ್ಗೆ ಗೊತ್ತಿತ್ತಾ?"

ಅವಳಿಗೆ ಸುಳ್ಳು ಹೇಳಲಾಗಲಿಲ್ಲ. "ಗೊತ್ತಿತ್ತು."

"ಸರಿ," ಎಂದ. ಅಷ್ಟೇ. ಬೇಲಿಯ ಮೇಲಿನ ಸೂರ್ಯ, ಬಣ್ಣ ಕೇಳುವವರಿಲ್ಲದೆ, ಮುಳುಗಿದ. ಮರುದಿನವೂ. ಅದರ ಮರುದಿನವೂ.

*

ಓಪನ್ ಡೇಯ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಬ್ರಿಸ್ಬೇನಿನಿಂದ ಬಂದ ಈಜುಗಾರರು, ಹತ್ತಿರದ ವಿಲೆಟನ್ ಶಾಲೆಯ ಮಕ್ಕಳು, ಕೈಯಲ್ಲಿ ನೀರಿನ ಬಾಟಲಿ ಹಿಡಿದ ಅಪ್ಪ ಅಮ್ಮಂದಿರು. ಮುಂದಿನ ಸಾಲಿನಲ್ಲಿ ಅನು, ಪಕ್ಕದಲ್ಲಿ ಅವಳ ತಾಯಿ ಗೌರಿ. ಬಾಗಿಲ ಬಳಿ, ಗೋಡೆಗೆ ಒರಗಿ, ಉತ್ತಮ್. ತನ್ನ ತಂಡದ ಹುಡುಗಿಯನ್ನು ತಾನಿಲ್ಲದೆ ಕಳಿಸಲು ಅವನಿಗೆ ಮನಸ್ಸಾಗಿರಲಿಲ್ಲ; ಹಳೆಯ ಕತೆ ಹೇಳಿ ಅವಳ ಆಸೆ ಮುರಿಯಲೂ ಬಾಯಿ ಬಂದಿರಲಿಲ್ಲ. ಅವನು ಮಾಲವಿಕಾಳ ಕಡೆ ನೋಡಲಿಲ್ಲ.

ಪರದೆ ಹೇಗೆ ಕೆಲಸ ಮಾಡುತ್ತದೆಂದು ತೋರಿಸಬೇಕಾದವಳು ಅವಳು. ಮೊದಲು ಮಿಸ್ಟರ್ ಶ್ರೀಕಂಠಯ್ಯರನ್ನೇ ಮುಟ್ಟು ಎಂದು ಗ್ರೆಗ್ ಹೇಳಿಟ್ಟಿದ್ದ. ಅವಳು ಅವನನ್ನೇ ಮುಟ್ಟಿದಳು.

ಗೋಲುಗಳು ಬಂದವು. ನಗು ಬಂತು. ಗ್ರೆಗ್ ತಲೆದೂಗಿದ. ಆಮೇಲೆ ಪರದೆಯ ಉತ್ತಮ್ ನಗು ನಿಲ್ಲಿಸಿ ಹೇಳಿದ: ಫೋಟೋ ತೆಗೆಯುವ ದಿನ ನಾನು ಅಲ್ಲಿರಲಿಲ್ಲ. ಕತ್ತರಿಸಿದ ಭಾಗವನ್ನೆಲ್ಲ ಬೆಳಗ್ಗೆ ಅವಳು ಮತ್ತೆ ಸೇರಿಸಿದ್ದಳು. ಹರಿದ ಮಂಡಿ, ನಿಂತ ಸ್ಕಾಲರ್‌ಶಿಪ್, ಖಾಲಿ ಮಾಡಿಸಿದ ಕೋಣೆ, ಎಲ್ಲವೂ ಅಲೆಗಳ ಸದ್ದಿನೊಡನೆ ಸಭಾಂಗಣದ ತುಂಬ ಹರಡಿದವು. ಗ್ರೆಗ್ ಎರಡು ಹೆಜ್ಜೆ ಮುಂದೆ ಬಂದ. ಮಾಲವಿಕಾ ಪರದೆಗೆ ಅಡ್ಡ ನಿಂತಳು.

ವಿಡಿಯೋ ಮುಗಿಯಿತು. ಮೊದಲು ಎದ್ದವರು ಗೌರಿ.

"ಏನಮ್ಮಾ, ಇದು ನಿಜಾನಾ?" ಎಂದು ಮಾಲವಿಕಾಳನ್ನು ಕೇಳಿದರು ಕನ್ನಡದಲ್ಲೇ, ತುಂಬಿದ ಸಭೆಯಲ್ಲಿ.

"ನಿಜ ಆಂಟಿ. ಸಹಿ ಹಾಕೋ ಮುಂಚೆ ಕೇಳಿ."

ಗೌರಿ ಗ್ರೆಗ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು: ನನ್ನ ಮಗಳ ಮಂಡಿ ಹೋದರೆ ಅವಳ ಓದು ಉಳಿಯುತ್ತದೆಯೋ? ಈಜುಗಾರನೊಬ್ಬನ ಅಪ್ಪ ಎದ್ದು, ಭುಜ ಹೋದರೆ ಎಂದ. ಗ್ರೆಗ್ ನೀತಿ, ಪರಿಶೀಲನೆ, ತಿಳಿಸುತ್ತೇವೆ ಎಂದೆಲ್ಲ ತಡವರಿಸಿದ. ಅನು ಒಮ್ಮೆ ತನ್ನ ಕಾಲುಗಳನ್ನು ನೋಡಿಕೊಂಡಳು. "Not till they answer, Mum," ಎಂದಳು.

ಮಾಲವಿಕಾಳ ಪಕ್ಕ ಹಾದು ಹೋಗುವಾಗ ಗ್ರೆಗ್ ಹಲ್ಲು ಕಚ್ಚಿ ಹೇಳಿದ: "ಸೋಮವಾರ ಬಂದು ನೋಡು ನನ್ನನ್ನು."

*

ಸಭಾಂಗಣದ ಹಿಂದಿನ ಹಾಕಿ ಮೈದಾನಕ್ಕೆ ನೀರು ಬಿಟ್ಟಿದ್ದರು. ನೀಲಿ ಟರ್ಫಿನ ಮೇಲೆ ನೀರಿನ ಕಮಾನುಗಳು ನಿಧಾನಕ್ಕೆ ತಿರುಗುತ್ತಿದ್ದವು. ಇಳಿಬಿಸಿಲು ಅವುಗಳೊಳಗೆ ಹೊಕ್ಕು ಏಳು ಬಣ್ಣವಾಗಿ ಹೊರಬರುತ್ತಿತ್ತು. ಮಾಲವಿಕಾ ಬೆಂಚಿನ ಮೇಲೆ ಕೂತು ಅಂಗೈಯಿಂದ ಕೆನ್ನೆ ಒರೆಸಿಕೊಂಡಳು. ಪಕ್ಕದಲ್ಲಿ ಯಾರೋ ಬಂದು ಕೂತರು. ಬಲಗಾಲನ್ನು ಉದ್ದಕ್ಕೆ ಚಾಚಿದ್ದನ್ನು ನೋಡಿ ಯಾರೆಂದು ತಿಳಿಯಿತು.

"ನೀರು ಹನೀತಾ ಇದೆ ಮುಖದ ಮೇಲೆ," ಎಂದ ಉತ್ತಮ್.

"ಸ್ಪ್ರಿಂಕ್ಲರ್‌ದು."

"ಅದು ಅಲ್ಲಿದೆ. ನೀವು ಇಲ್ಲಿದೀರಿ."

ಅವಳು ನಕ್ಕಳು, ಅಳುವಿನ ನಡುವೆಯೇ. "ಮೊದಲೇ ಹೇಳ್ಬೇಕಿತ್ತು ನಿಮ್ಗೆ. ಫೋನು ನಿಂತುಹೋಗುತ್ತೆ ಅಂತ ಹೆದರಿಕೆ ಆಯ್ತು."

"ನಿಲ್ಲಿಸ್ದೆ. ಆಮೇಲೆ ಸಂಜೆ ಆದ್ರೆ ಸಾಕು, ಪಶ್ಚಿಮಕ್ಕೆ ಮುಖ ಮಾಡಿ ನಿಂತಿರ್ತಿದ್ದೆ. ಹುಡುಗೀರು ನಗ್ತಿದ್ರು." ಅವನು ಚಾಚಿದ ಮಂಡಿಯನ್ನು ಸವರಿಕೊಂಡ. "ಅಡಿಲೇಡಿಗೆ ಬರ್ತೀರಾ?"

"ಏನು, ರಿಕ್ರೂಟ್ ಮಾಡ್ತಿದೀರಾ?"

"ಹೂಂ."

"ಷರತ್ತು ಕೇಳ್ದೆ ಹೂಂ ಅನ್ಬೇಡಿ ಅಂತ ಈಗ ತಾನೇ ಇಷ್ಟು ಜನಕ್ಕೆ ಹೇಳಿ ಬಂದೆ."

"ಕೇಳಿ ಮತ್ತೆ."

ಅವಳು ಅವನತ್ತ ತಿರುಗಿದಳು. ತಮಾಷೆ ಅವಳ ಕಣ್ಣಿನಿಂದ ಮೆಲ್ಲಗೆ ಸರಿದುಹೋಯಿತು. "ನನ್ನ ಕೈಲಿ ಏನೂ ಆಗದೇ ಇರೋ ಕಾಲ ಬಂದ್ರೆ?"

"ಆವಾಗ್ಲೂ ಕೋಣೆ ನಿಮ್ದೇ," ಎಂದ ಅವನು, ಯೋಚಿಸದೆ. "ಮನೇನೂ. ನಾನೂ."

ನೀರಿನ ಕಮಾನು ಒಂದು ಸುತ್ತು ತಿರುಗಿ ಬಂತು. ಅವಳು ಅವನ ಕೈಯನ್ನು ಹಿಡಿದು ತನ್ನ ಮಡಿಲಿಗೆ ಎಳೆದುಕೊಂಡಳು, ಬಿಡುವ ಯೋಚನೆಯೇ ಇಲ್ಲದವಳ ಹಾಗೆ.

"ಬರ್ತೀನಿ. ಆದ್ರೆ ಸೋಮವಾರ ಗ್ರೆಗ್ ಹತ್ರ ಹೋಗೋದಿದೆ. ಕೆಲಸದಿಂದ ತೆಗೀತಾನೆ, ತೆಗೀಲಿ. ಗೌರಿ ಆಂಟಿ ಕೇಳಿದ್ದಕ್ಕೆ ಉತ್ತರ ಕೊಡೋವರೆಗೂ ನಾನು ಕುರ್ಚಿ ಬಿಟ್ಟು ಏಳಲ್ಲ."

"ನಾನೂ ಬರ್ತೀನಿ."

"ನಿನ್ನ ಒಳಗೆ ಬಿಡಲ್ಲ ಅವರು."

ಬಾಯಿ ತಪ್ಪಿ ಬಂದ ಆ 'ನಿನ್ನ' ಎಂಬ ಮಾತನ್ನು ಇಬ್ಬರೂ ಕೇಳಿಸಿಕೊಂಡರು. ಇಬ್ಬರೂ ತಿದ್ದಲಿಲ್ಲ.

"ಬಾಗಿಲ ಹೊರಗೆ ಕೂತಿರ್ತೀನಿ," ಎಂದ ಉತ್ತಮ್.

"ಸಂಜೆವರೆಗೂ ಆಗ್ಬಹುದು."

"ಆಗ್ಲಿ ಬಿಡು. ಇಲ್ಲಿಯ ಸೂರ್ಯನ್ನ ನಿನ್ನ ಜೊತೆ ನಾನಿನ್ನೂ ನೋಡೇ ಇಲ್ಲ."