ಗುಬ್ಬಿಯಲ್ಲಿ ಕಳುವಾದ ಕಡಲಪಾಚಿ

"ಮಾವ, ಮನೇಲಿ ಕಳ್ತನ ಆಗಿದೆ! ಅತ್ತೇನ ಕರ್ಕೊಂಡು ಈಗ್ಲೇ ಬನ್ನಿ!"

ಫೋನಿನಲ್ಲಿ ಭೂಮಿಕಾ ಅಳುತ್ತಿದ್ದಳು. ಗುಬ್ಬಿಯಲ್ಲಿರುವ ನನ್ನ ಭಾಮೈದ ಪರಮಶಿವಯ್ಯನ ಮಗಳು. ನನ್ನ ಹೆಂಡತಿ ಪ್ರೇಮಲತಾ ನಿವೃತ್ತ ಹೆಡ್‌ಮಿಸ್ಟ್ರೆಸ್. ಪರೀಕ್ಷೆಯಲ್ಲಿ ಕಾಪಿ ಚೀಟಿ ಹಿಡಿದು ಹಿಡಿದು, ಎದುರಿಗಿರುವವರೆಲ್ಲ ಏನೋ ಬಚ್ಚಿಟ್ಟಿದ್ದಾರೆಂದೇ ನಂಬಿದವಳು. ನನ್ನ ಜೇಬೂ ಇದಕ್ಕೆ ಹೊರತಲ್ಲ. ತುಮಕೂರಿನಿಂದ ಸ್ಕೂಟರ್ ಓಡಿಸುವುದಷ್ಟೇ ನನ್ನ ಪಾಲಿನ ಪತ್ತೇದಾರಿಕೆ.

ಹೋಗಿ ನೋಡಿದರೆ, ಕಳುವಾದದ್ದು ಚಿನ್ನವಲ್ಲ—ಕಡಲಪಾಚಿ!

ಹೊನ್ನಾವರದ ಕಡೆ ಮೀನುಗಾರರ ಊರೊಂದರಲ್ಲಿ ಭೂಮಿಕಾ ಅದರ ಸಮೀಕ್ಷೆ ಮಾಡುತ್ತಾಳೆ. ಅಲ್ಲಿನ ಹೆಂಗಸರು ಮಾರಲೆಂದು ಬಂಡೆಯ ಮೇಲಿನ ಪಾಚಿಯನ್ನು ಬುಡ ಬಿಟ್ಟು ಕತ್ತರಿಸುತ್ತಾರೆ, ಅದು ಮತ್ತೆ ಚಿಗುರುತ್ತದೆ. ಕಂಟ್ರಾಕ್ಟರ್ ಒಬ್ಬ ಬುಡಸಮೇತ ಕೆರೆದು ಸಾಗಿಸಲು ಹೊಂಚು ಹಾಕಿದ್ದಾನೆ. ಪಾಚಿ ಕೀಳುವ ಅನುಮತಿ ಯಾರಿಗೆಂದು ತೀರ್ಮಾನಿಸಲು ಮಾರನೆಯ ದಿನ ಬೆಂಗಳೂರಿನಲ್ಲಿ ಸಭೆ. ಕತ್ತರಿಸಿದ ಜಾಗದಲ್ಲೇ ಮತ್ತೆ ಬೆಳೆದ ಪಾಚಿಯ ಮೂರು ಕಂತೆಗಳೇ ಆ ಹೆಂಗಸರ ಪರವಾದ ಸಾಕ್ಷಿ. ದಾರಿಯಲ್ಲಿ ಮನೆಗೆ ಬಂದವಳು ಅವನ್ನು ತಾರಸಿಯ ಮೇಲೆ ಒಣಗಲು ಇಟ್ಟಿದ್ದಳು.

"ಅವಿಲ್ದೆ ಹೋದ್ರೆ ಕಂಟ್ರಾಕ್ಟರ್ ಗೆದ್ದ ಹಾಗೇನೇ ಅತ್ತೆ. ಆ ಹೆಂಗಸರಿಗೆ ಏನ್ ಮುಖ ತೋರಿಸ್ಲಿ?"

ಜಗಲಿಯಲ್ಲಿ ಪ್ರೇಮಲತಾ ವಿಚಾರಣೆ ಶುರು ಮಾಡಿದಳು. ನನಗೆ ಕುರ್ಚಿ ಸಿಗಲಿಲ್ಲ. ಗೋಡೆಗೆ ಒರಗಿಸಿದ್ದ, ಹೊಲಿಗೆ ಬಿಚ್ಚದ ಉಪ್ಪಿನ ಮೂಟೆಯ ಮೇಲೆ ಕೂತೆ.

ಮೊದಲು ಭೂಮಿಕಾಳ ತಾಯಿ ಸಿದ್ದಗಂಗಮ್ಮ.

"ನೀನು ಬಿಸಾಕಿದ್ಯಾ?"

"ಅಯ್ಯೋ ಅತ್ಗೆ, ಮೀನಿನ ವಾಸ್ನೆ! ಮೂಗು ಮುಚ್ಕೊಂಡು ಹಪ್ಳ ಒಣಗ್ಸಿ ಬಂದೆ. ಅದನ್ನ ಮುಟ್ಟೋರುಂಟಾ?"

ಆಮೇಲೆ ಪಕ್ಕದ ಮನೆಯ ತಿಪ್ಪಯ್ಯ.

"ನಿನ್ ಹಸು ತಿಂತಾ?"

"ನಮ್ ಹಸು ಮೆಟ್ಲು ಹತ್ತಾದೇನವ್ವಾ? ಹತ್ತೋ ಹಂಗಿದ್ರೆ ಸಂತೇಲಿ ಒಳ್ಳೆ ರೇಟ್ ಬರೋದು!"

ಕೊನೆಗೆ ಪರಮಶಿವಯ್ಯ. ಕೈತುಂಬ ಮಣ್ಣು.

"ಕೋತಿಗಳೇ ಇರ್ಬೇಕಕ್ಕ. ದೇವರಾಯನದುರ್ಗದಿಂದ ಬಂದಿರ್ತವೆ."

"ಅಷ್ಟು ದೂರದಿಂದ?"

"ಬಸ್ಸಿದೆಯಲ್ಲ," ಎಂದೆ ನಾನು. ಯಾರೂ ನಗಲಿಲ್ಲ.

"ನೀನೆಲ್ಲಿದ್ದೆ ಶಿವು?"

"ಹಿತ್ಲಲ್ಲಿ. ಮೂರು ತೆಂಗಿನ ಸಸಿ ನೆಟ್ಟು ಈಗ ಬಂದೆ."

ಪ್ರೇಮಲತಾ ನನ್ನತ್ತ ತಿರುಗಿದಳು. "ರೀ, ಎದ್ದೇಳಿ."

"ನಾನೇನ್ ಮಾಡ್ದೆ?"

"ಸಾಕ್ಷಿ ಮೇಲೆ ಕೂತಿದ್ದೀರಿ!"

ನಾನು ಹಾರಿ ನಿಂತೆ. ಅವಳು ಮೂಟೆಯನ್ನು ತಟ್ಟಿದಳು.

"ತೆಂಗಿನ ಗುಂಡಿಗೆ ಉಪ್ಪು ಹಾಕ್ದೆ ಸಸಿ ನೆಡೋನಲ್ಲ ನೀನು. ಅಪ್ಪನ ಕಾಲದಿಂದ ನೋಡಿದೀನಿ. ಈ ಮೂಟೆ ತಂದಿದ್ದೂ ಅದಕ್ಕೇ. ಸಸಿ ನೆಟ್ಟಾಯ್ತು, ಮೂಟೆ ಹೊಲಿಗೆ ಹಾಗೇ ಇದೆ. ಗುಂಡಿಗೆ ಏನ್ ಹಾಕ್ದೆ?"

ಪರಮಶಿವಯ್ಯ ತಲೆ ತಗ್ಗಿಸಿದ.

"ನಾಲಿಗೆಗಿಟ್ಟು ನೋಡ್ದೆ ಅಕ್ಕ... ಉಪ್ಪುಪ್ಪಾಗಿತ್ತು. ಗೊಬ್ಬರಾನೂ ಆಯ್ತು, ಉಪ್ಪೂ ಉಳೀತು ಅಂತ ಗುಂಡಿಗೊಂದು ಕಂತೆ ಹಾಕ್ಬಿಟ್ಟೆ. ಇವಳು ಅಳೋಕೆ ಶುರು ಮಾಡಿದ್ಮೇಲೆ ಹೇಳೋಕೆ ಹೆದ್ರಿಕೆ ಆಯ್ತು."

"ಅಪ್ಪಾ! ಮೊದ್ಲು ಆ ಸಸಿ ಕೀಳಿ!"

"ನೆಟ್ಟಿದ್ದನ್ನ ಕೀಳೋದಾ? ಬುಡಸಮೇತ ಕೀಳ್ಬಾರ್ದು ಅಂತ ಕಂಡೋರಿಗೆಲ್ಲ ಹೇಳೋಳು ನೀನೇ ಅಲ್ವೇನೆ?"

ಭೂಮಿಕಾಳ ಕಣ್ಣು ಮತ್ತೆ ತುಂಬಿತು. ಪರಮಶಿವಯ್ಯ ಮಗಳ ಮುಖ ನೋಡಿ ಹಿತ್ತಲಿಗೆ ನಡೆದ. ಗುದ್ದಲಿ ಮುಟ್ಟಲಿಲ್ಲ. ಬರಿಗೈಯಲ್ಲೇ ಬಗೆದು, ಬೇರಿನ ಮಣ್ಣು ಉದುರದ ಹಾಗೆ ಒಂದೊಂದೇ ಸಸಿಯನ್ನು ಎತ್ತಿ ಒದ್ದೆ ಗೋಣಿಯ ಮೇಲೆ ಮಲಗಿಸಿದ. ಅಡಿಯಲ್ಲಿ ಕಂತೆಗಳು ಇಡಿಯಾಗಿದ್ದವು, ಮಣ್ಣು ಮೆತ್ತಿಕೊಂಡು.

ರಾತ್ರಿ ನಾವು ಅಲ್ಲೇ ಉಳಿದೆವು. ಬೆಳಿಗ್ಗೆ ಭೂಮಿಕಾಳನ್ನು ಬಸ್ಸಿಗೆ ಹತ್ತಿಸಲು ಹೋದರೆ, ಇಸ್ತ್ರಿ ಪಂಚೆಯುಟ್ಟ ಪರಮಶಿವಯ್ಯ ಆಗಲೇ ಸೀಟು ಹಿಡಿದು ಕೂತಿದ್ದ. ತೊಡೆಯ ಮೇಲೆ ಕಂತೆಗಳು.

"ನೀನ್ಯಾಕಪ್ಪಾ?" ಎಂದೆ.

"ಎಷ್ಟ್ ಕೊಡವಿದ್ರೂ ಪಾಚಿಗೆ ನಮ್ ಹಿತ್ಲು ಮಣ್ಣು ಮೆತ್ಕೊಂಡೇ ಇದೆ ಭಾವ. ಕಡಲಲ್ಲಿ ಈ ಕೆಂಪು ಮಣ್ಣು ಎಲ್ಲಿಂದ ಬಂತು ಅಂತ ಸಭೇಲಿ ಕೇಳಿದ್ರೆ, ಕದ್ದೋನು ನಾನೇ ಅಂತ ಎದ್ದು ಹೇಳೋಕೆ ಒಬ್ರು ಬೇಡ್ವಾ?"