ಆರನೆಯ ಹಗ್ಗ ಹಿಡಿದವನು

"ಆರನೆಯ ಹಗ್ಗಕ್ಕೆ ಆಳು ಬೇಕು ಅಂತ ನಾರ್ಮನ್ ಹೇಳಿದ್ರು."

ಚರ್ಚಿನ ಗಂಟೆಗೋಪುರದ ಏಣಿಯಿಂದ ಇಳಿಯುತ್ತಿದ್ದ ಲೋರ್ನಾ ಅಲ್ಲೇ ನಿಂತುಬಿಟ್ಟಳು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ.

ಆ ಧ್ವನಿ... ಸ್ವಲ್ಪ ಒರಟಾಗಿದೆ. ಆದರೆ ಅದೇ ಧ್ವನಿ.

'ತಿರುಗಬೇಡ. ಮೊದಲು ಉಸಿರು ತಗೋ,' ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ನಿಧಾನವಾಗಿ ಇಳಿದು, ಎಣ್ಣೆ ಮೆತ್ತಿದ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ತಿರುಗಿದಳು.

ಡಂಕನ್ ಹೋಲ್ರಾಯ್ಡ್. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ಕಣ್ಣುಗಳು ಮಾತ್ರ ಹಾಗೇ ಇದ್ದವು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ.

"ನಿಮಗೆ ಇನ್ನೂ ಬಾರಿಸೋಕೆ ಬರುತ್ತಾ?" ಎಂದಳು.

'ನಿಮಗೆ' ಎಂಬ ಆ ಪದ ಅವನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

"ಮರೆತಿಲ್ಲ," ಎಂದಷ್ಟೇ ಹೇಳಿದ.

ಹಿಂದಿನ ದಿನ, ಗುರುವಾರ ಸಂಜೆ, ರಾಣಿ ತೀರಿಕೊಂಡಿದ್ದರು. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ದೇಶದ ಚರ್ಚುಗಳಲ್ಲೆಲ್ಲ ಗಂಟೆ ಬಾರಿಸಬೇಕು ಎಂದು ಸುದ್ದಿ ಬಂದಿತ್ತು. ಯಾರ್ಕ್‌ಷೈರಿನ ಆಲ್ಡರ್‌ಬೆಕ್ ಎಂಬ ಆ ಪುಟ್ಟ ಹಳ್ಳಿಯ ಚರ್ಚಿನಲ್ಲಿ ಗಂಟೆಗಳು ಆರು, ಕೈಗಳು ಐದು ಜೋಡಿ. ಆರನೆಯ ಹಗ್ಗ ಎಳೆಯುತ್ತಿದ್ದವನು ಸೊಂಟದ ಆಪರೇಷನ್ ಮಾಡಿಸಿಕೊಂಡು ಮಲಗಿದ್ದ. ತಂಡದ ಹೊಣೆ ಹೊತ್ತ ಲೋರ್ನಾ ಬೆಳಿಗ್ಗೆಯಿಂದ ಹತ್ತು ಜನರಿಗೆ ಫೋನ್ ಮಾಡಿ ಸೋತಿದ್ದಳು. ಕೊನೆಗೆ ಎಂಬತ್ಮೂರರ ನಾರ್ಮನ್ ಸಗ್ಡೆನ್ "ನಾನೊಬ್ಬನ್ನ ಕರೀತೀನಿ ಬಿಡು" ಎಂದಿದ್ದರು. ಯಾರನ್ನು ಎಂದು ಕೇಳಲು ಅವಳಿಗೆ ಪುರುಸೊತ್ತಿರಲಿಲ್ಲ.

"ಮೂರು ದಿನದಲ್ಲಿ ಪ್ರಧಾನಿನೂ ಹೊಸಬರು, ದೊರೆನೂ ಹೊಸಬರು," ಎನ್ನುತ್ತ ನಾರ್ಮನ್ ಕೋಟು ಬಿಚ್ಚಿದರು. "ಐವತ್ತೆರಡರಲ್ಲಿ ರಾಣಿಯ ಅಪ್ಪ ಹೋದಾಗಲೂ ಇದೇ ಹಗ್ಗ ಹಿಡಿದಿದ್ದೆ. ಆಗ ನನಗೆ ಹದಿಮೂರು. ಅವತ್ತು ಬಂದ ರಾಣಿ ಇವತ್ತು ಹೋದ್ರು. ನಾನಿನ್ನೂ ಇಲ್ಲೇ ಇದೀನಿ ನೋಡು."

ಯಾರೂ ನಗಲಿಲ್ಲ. ನಾರ್ಮನ್ ಕಣ್ಣೊರೆಸಿಕೊಂಡಿದ್ದನ್ನೂ ಯಾರೂ ನೋಡಿದಂತೆ ತೋರಿಸಿಕೊಳ್ಳಲಿಲ್ಲ.

ದೊರೆ ಸತ್ತಾಗ ಸದ್ದು ಮಂದವಾಗಲೆಂದು ಗಂಟೆಯ ನಾಲಿಗೆಗಳಿಗೆ ಎರಡೂ ಬದಿ ಚರ್ಮ ಕಟ್ಟುತ್ತಾರೆ. ಎಲ್ಲಕ್ಕಿಂತ ದೊಡ್ಡದಾದ ಆರನೆಯದಕ್ಕೆ ಮಾತ್ರ ಒಂದು ಬದಿ ಬಿಡುತ್ತಾರೆ. ಬಾರಿಸಲು ಶುರು ಮಾಡಿದಾಗ ಐದು ಗಂಟೆಗಳು ದೂರದ ಗುಡ್ಡದಾಚೆ ಯಾರೋ ಮಾತಾಡಿಕೊಂಡ ಹಾಗೆ ಗುನುಗಿದವು. ಒಂದು ಬಿಟ್ಟು ಒಂದು ಸಲ ಡಂಕನ್‌ನ ಗಂಟೆ ಮಾತ್ರ ಸ್ಪಷ್ಟವಾಗಿ ಮೊಳಗಿತು.

ಲೋರ್ನಾಳದು ಐದನೆಯ ಹಗ್ಗ. ಅವಳು ಎಳೆದ ಮರುಕ್ಷಣ ಡಂಕನ್ ಎಳೆಯಬೇಕು. ಇಪ್ಪತ್ತರ ಹರೆಯದಲ್ಲಿ ಇದೇ ಜಾಗದಲ್ಲಿ, ಶುಕ್ರವಾರ ಶುಕ್ರವಾರ, ಹೀಗೇ ಪಕ್ಕಪಕ್ಕ ನಿಂತಿದ್ದರು. ಅಭ್ಯಾಸ ಮುಗಿದ ಮೇಲೆ ಪಬ್ಬಿನ ಹಿತ್ತಲಲ್ಲಿ ಒಂದೇ ತಟ್ಟೆಯ ಚಿಪ್ಸ್ ತಿನ್ನುತ್ತ, ದೇಶ ಹೇಗೆ ಬದಲಾಗಬೇಕು ಎಂದು ಅವನು ಮಾತಾಡುತ್ತಿದ್ದ. ಇವಳು ಅವನ ಕೈಬೆರಳು ನೋಡುತ್ತಿದ್ದಳು.

ಇವತ್ತೂ ಅವನ ಕೈ ಒಂದು ಸಲವೂ ತಪ್ಪಲಿಲ್ಲ.

'ಕೈ ತಪ್ಪದವನು... ನನ್ನ ವಿಷಯದಲ್ಲಿ ಮಾತ್ರ ಯಾಕೆ ತಪ್ಪಿದ?'

* * *

ತೊಂಬತ್ತೇಳರ ಮೇ ತಿಂಗಳಲ್ಲಿ ಹದಿನೆಂಟು ವರ್ಷಗಳ ಸರ್ಕಾರ ಬಿದ್ದು ಹೊಸದು ಬಂದಿತ್ತು. ಊರಿನ ಹೊಸ ಸಂಸದರ ಜೊತೆ ಕೆಲಸ ಮಾಡಲು ಡಂಕನ್ ಲಂಡನ್ನಿಗೆ ಹೋದ. ತಿಂಗಳಿಗೆರಡು ಸಲ ಬರುತ್ತಿದ್ದ. ಲೋರ್ನಾ ಯಾರ್ಕ್ ಸ್ಟೇಷನ್ನಿಗೆ ಹೋಗಿ ಕರೆತರುತ್ತಿದ್ದಳು. ಆಗಸ್ಟಿನ ಕೊನೆಯಲ್ಲಿ ರಾಜಕುಮಾರಿ ಅಪಘಾತದಲ್ಲಿ ತೀರಿಕೊಂಡಾಗ ದೇಶವೇ ದಿಕ್ಕು ತಪ್ಪಿದ ಹಾಗಿತ್ತು. ಆ ಗುರುವಾರ ಅವನು ಕಚೇರಿಯಿಂದ ಫೋನ್ ಮಾಡಿದ.

"ನನ್ನ ಮದುವೆ ಆಗ್ತೀಯಾ? ಈಗಲೇ ಹೇಳ್ಬೇಡ. ಹೌದು ಅಂತಾದ್ರೆ ಶನಿವಾರ ಎರಡಕ್ಕೆ ಸ್ಟೇಷನ್‌ನಲ್ಲಿ ಇರು. ಯಾರೋ ಕರೀತಿದ್ದಾರೆ, ಇಡ್ತೀನಿ..."

ಶನಿವಾರ ಲೋರ್ನಾ ಕಾದಳು. ಎರಡರಿಂದ ಆರರವರೆಗೆ. ಅವನು ಬರಲಿಲ್ಲ. ಆಮೇಲೆ ಫೋನೂ ಬರಲಿಲ್ಲ, ಪತ್ರವೂ ಬರಲಿಲ್ಲ. ಅಕ್ಟೋಬರಿನಲ್ಲಿ, ಅವನು ಬ್ರಸೆಲ್ಸಿಗೆ ಹೋದನಂತೆ ಎಂದು ಅವನ ಅಕ್ಕ ಅಂಗಡಿಯಲ್ಲಿ ಸಿಕ್ಕಾಗ ಹೇಳಿದಳು.

ಲೋರ್ನಾ ಮುಂದೆ ಒಬ್ಬ ಒಳ್ಳೆಯ ಮನುಷ್ಯನನ್ನೇ ಮದುವೆಯಾದಳು. ಹನ್ನೊಂದು ವರ್ಷದ ನಂತರ ಇಬ್ಬರೂ ಜಗಳವಿಲ್ಲದೆ ಬೇರೆಯಾದರು. ಹೋಗುವಾಗ ಅವನು ಹೇಳಿದ ಮಾತು ಅವಳಿಗೆ ನೆನಪಿತ್ತು. "ನೀನು ಯಾವಾಗಲೂ ಯಾರಿಗೋ ಕಾಯ್ತಾ ಇರೋ ಹಾಗೆ ಕಾಣ್ತೀಯ."

* * *

ಭಾನುವಾರ ಪೇಟೆಯ ಚೌಕದಲ್ಲಿ ಹೊಸ ದೊರೆಯ ಹೆಸರು ಸಾರಿದರು. ಅದಕ್ಕಾಗಿ ಚರ್ಮ ಬಿಚ್ಚಿ ಗಂಟೆಗಳನ್ನು ಮನಸಾರೆ ಬಾರಿಸಿದ್ದಾಯಿತು. ಬಳಿಕ ಚರ್ಚಿನ ಬಾಗಿಲ ಬಳಿಯ ಬೆಂಚಿನಲ್ಲಿ ನಾರ್ಮನ್, ಡಂಕನ್, ಲೋರ್ನಾ ಚಹಾ ಹಿಡಿದು ಕೂತರು. ಬೇಕರಿಯವರು ಕೊಟ್ಟ ಜಿಂಜರ್ ಕೇಕ್ ನಾರ್ಮನ್‌ರ ಹಲ್ಲಿಗೆ ಅಂಟುತ್ತಿತ್ತು.

"ದೊರೆಗಾಗಿ ಮಾಡೋ ಪ್ರಾರ್ಥನೆಯಲ್ಲಿ ಅರ್ಧ ಜನ ರಾಣಿ ಅಂದ್ರು, ಅರ್ಧ ಜನ ದೊರೆ ಅಂದ್ರು," ಎಂದರು ನಾರ್ಮನ್. "ಎಪ್ಪತ್ತು ವರ್ಷದ ಅಭ್ಯಾಸ. ನಾಲಿಗೆ ಎಲ್ಲಿ ಕೇಳುತ್ತೆ? ಬ್ರಸೆಲ್ಸ್‌ನಲ್ಲಿ ಏನಂತಿದ್ರಪ್ಪಾ ನಮ್ಮನ್ನ?"

"ನಾವು ಒಕ್ಕೂಟದಿಂದ ಹೊರಗೆ ಬಂದ ಮೇಲೆ ಅವರು ಏನೂ ಅನ್ನಲ್ಲ ನಾರ್ಮನ್. ಅದೇ ಬೇಜಾರು," ಎಂದ ಡಂಕನ್. "ದೇಶ ಹೊರಗೆ ಬಂತು, ನನ್ನ ಕೆಲಸ ಹೋಯ್ತು. ಹೆಂಡತಿಗೆ ಅಲ್ಲಿಂದ ಬರೋ ಮನಸ್ಸಿರಲಿಲ್ಲ, ನನಗೆ ಅಲ್ಲಿರೋ ಮನಸ್ಸಿರಲಿಲ್ಲ. ಹೋದ ವರ್ಷ ಡಿವೋರ್ಸ್ ಕಾಗದಪತ್ರ ಮುಗೀತು."

ಲೋರ್ನಾ ಕಪ್ಪಿನೊಳಗೇ ನೋಡುತ್ತಿದ್ದಳು.

"ನಿನಗೆ ಹಾಗೇ ಆಗ್ಬೇಕು," ಎಂದುಬಿಟ್ಟರು ನಾರ್ಮನ್. "ಈ ಹುಡುಗಿನ ನಾಲ್ಕು ತಾಸು ಕೂರಿಸಿದವನಲ್ವಾ ನೀನು?"

"ನಾರ್ಮನ್, ಸುಮ್ನಿರಿ," ಎಂದಳು ಲೋರ್ನಾ.

"ಯಾಕೆ ಸುಮ್ನಿರ್ಲಿ? ಅವತ್ತು ಬೆಳಿಗ್ಗೆ ರಾಜಕುಮಾರಿಗೆ ಗಂಟೆ ಬಾರಿಸಿ, ಮಧ್ಯಾಹ್ನ ನನ್ನ ವ್ಯಾನಲ್ಲಿ ಯಾರ್ಕ್‌ಗೆ ಬಿಟ್ಟವನು ನಾನು. ಸಂಜೆ ಕರ್ಕೊಂಡು ಬಂದವನೂ ನಾನೇ. ದಾರಿಯುದ್ದಕ್ಕೂ ಒಂದು ಮಾತಿಲ್ಲ ಇವಳ ಬಾಯಲ್ಲಿ."

ಡಂಕನ್‌ನ ಕಪ್ಪು ಬೆಂಚಿನ ಮೇಲೆ ವಾಲಿತು. ಚಹಾ ಚೆಲ್ಲಿದ್ದು ಅವನಿಗೆ ಗೊತ್ತಾಗಲಿಲ್ಲ.

"ಯಾರ್ಕ್‌ಗಾ?" ಎಂದ. "ಲೋರ್ನಾ... ಯಾರ್ಕ್ ಸ್ಟೇಷನ್‌ಗಾ?"

"ಇನ್ನೆಲ್ಲಿಗೆ? ಪ್ರತಿ ಸಲ ನೀನು ಬರ್ತಿದ್ದದ್ದು ಅಲ್ಲಿಗೇ ತಾನೇ." ಅವಳಿಗೇ ತಿಳಿಯದೆ 'ನೀನು' ಬಂದುಬಿಟ್ಟಿತ್ತು.

"ನಾನು ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್‌ನಲ್ಲಿ ನಿಂತಿದ್ದೆ." ಅವನು ಅವಳತ್ತ ಪೂರ್ತಿ ತಿರುಗಿದ. "ನೀನು ಲಂಡನ್ನಿಗೆ ಬಾ ಅನ್ನೋದೇ ನನ್ನ ಮನಸ್ಸಲ್ಲಿತ್ತು. ಬಾಯಿಬಿಟ್ಟು ಹೇಳಿರ್ಲಿಲ್ವಾ? ಹೇಳಿದೀನಿ ಅಂದ್ಕೊಂಡಿದ್ದೆ... ಯಾರ್ಕಿಂದ ಬರೋ ಒಂದೊಂದು ರೈಲೂ ನೋಡ್ದೆ. ಕೊನೇ ರೈಲಿನವರೆಗೆ. ಬೇಡ ಅನ್ನೋದು ನಿನ್ನ ಉತ್ತರ ಅಂದ್ಕೊಂಡೆ."

ನಾರ್ಮನ್ ಇಬ್ಬರ ಮುಖವನ್ನೂ ನೋಡಿದರು. ಮೆಲ್ಲಗೆ ಎದ್ದು, ಕೋಲೂರಿಕೊಂಡು ಚರ್ಚಿನೊಳಗೆ ಹೋದರು.

"ಒಂದು ಫೋನ್ ಮಾಡಬಹುದಿತ್ತು," ಎಂದಳು ಲೋರ್ನಾ.

"ಪತ್ರ ಬರೆದೆ. ಹರಿದು ಹಾಕಿದೆ. ಬೇಡ ಅಂದವಳ ಮುಂದೆ ಯಾಕೆ ಅಂಗಲಾಚಲಿ ಅನ್ನೋ ಹಮ್ಮು... ನೀನಾದ್ರೂ ಮಾಡಬಹುದಿತ್ತಲ್ಲ."

ಹೌದು. ಮಾಡಬಹುದಿತ್ತು. ಎಷ್ಟೋ ಸಲ ಫೋನೆತ್ತಿ, ಅವನ ನಂಬರಿನ ಕೊನೆಯ ಅಂಕಿಯ ಹತ್ತಿರ ಬೆರಳು ನಿಲ್ಲಿಸಿದ್ದಳು. 'ಬರದವನನ್ನು ನಾನ್ಯಾಕೆ ಕೇಳಬೇಕು?' ಅಷ್ಟೇ. ಅಷ್ಟಕ್ಕೇ ಇಪ್ಪತ್ತೈದು ವರ್ಷ.

ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ಎದ್ದು ನಡೆದುಬಿಟ್ಟಳು. ಸಮಾಧಿಗಳ ನಡುವಿನ ಕಾಲುದಾರಿಯಲ್ಲಿ ಹೋಗುತ್ತ ಮೊದಲು ನಕ್ಕಳು. ಆಮೇಲೆ ಮನೆಯ ಬಾಗಿಲು ಹಾಕಿಕೊಂಡು, ಸ್ಟೇಷನ್ನಿನಲ್ಲಿ ಕಾದಿದ್ದ ಇಪ್ಪತ್ನಾಲ್ಕರ ಆ ಹುಡುಗಿಗಾಗಿ ಬಿಕ್ಕಿ ಬಿಕ್ಕಿ ಅತ್ತಳು.

* * *

ರಾಣಿಯ ಅಂತ್ಯಕ್ರಿಯೆಯ ಸೋಮವಾರ ದೇಶಕ್ಕೆಲ್ಲ ರಜೆ. ಬೆಳಿಗ್ಗೆ ಮತ್ತೆ ಚರ್ಮ ಕಟ್ಟಿ ಗಂಟೆ ಬಾರಿಸಿದರು. ಆ ಎಂಟು ದಿನ ಲೋರ್ನಾ ಅವನ ಜೊತೆ ಮಾತಾಡಿರಲಿಲ್ಲ. ಅವನೂ ಬಲವಂತ ಮಾಡಿರಲಿಲ್ಲ.

ಊರಿನ ಸಭಾಭವನದಲ್ಲಿ ದೊಡ್ಡ ಪರದೆ ಹಾಕಿದ್ದರು. ಶವಪೆಟ್ಟಿಗೆಯ ಮೇಲಿನ ಕಿರೀಟ ತೆಗೆದು ಪಕ್ಕಕ್ಕಿಟ್ಟ ಹೊತ್ತಿಗೆ ಭವನದಲ್ಲಿ ಯಾರೂ ಕೆಮ್ಮಲಿಲ್ಲ. ಲೋರ್ನಾಳಿಗೆ ಅವಳ ಅಮ್ಮ ನೆನಪಾದಳು. ಪ್ರತಿ ಕ್ರಿಸ್ಮಸ್‌ಗೂ ಮೂರು ಗಂಟೆಗೆ ರಾಣಿಯ ಭಾಷಣಕ್ಕಾಗಿ ಏಪ್ರನ್ ಬಿಚ್ಚಿಟ್ಟು ಟೀವಿ ಮುಂದೆ ಕೂರುತ್ತಿದ್ದ ಅಮ್ಮ. ಆ ಮನೆ, ಆ ಹುರಿದ ಆಲೂಗಡ್ಡೆಯ ವಾಸನೆ, ಬಾಗಿಲಲ್ಲಿ ಟೋಪಿ ತೆಗೆದು ನಿಂತ ಡಂಕನ್... ಎಲ್ಲ ಒಂದೇ ಕಾಲಕ್ಕೆ ಸೇರಿದ್ದವು. ಆ ಕಾಲ ಇವತ್ತು ನಿಜವಾಗಿ ಮುಗಿಯಿತು ಎನಿಸಿತು.

ಕಣ್ಣೀರು ಇಳಿಯಿತು. ಪಕ್ಕದಿಂದ ಒಂದು ಕರವಸ್ತ್ರ ಬಂತು. ನಾರ್ಮನ್‌ರದು.

"ನಾಳೆ ಹೋಗ್ತಾನಂತೆ," ಎಂದು ಪಿಸುಗುಟ್ಟಿದರು ಅವರು. "ಡಬ್ಲಿನ್‌ನಲ್ಲಿ ಕೆಲಸ ಸಿಕ್ಕಿದೆಯಂತೆ. ನಿನಗೆ ಹೇಳ್ಬೇಡಿ ಅಂದಿದ್ದ. ನಾನು ಹೇಳಿಲ್ಲ, ತಿಳೀತಾ?"

ಲೋರ್ನಾ ಕರವಸ್ತ್ರವನ್ನು ಮಡಚಿ ಅವರ ಕೈಗೇ ವಾಪಸ್ ಕೊಟ್ಟಳು.

'ಹೋಗಲಿ ಬಿಡು,' ಎಂದಿತು ಹಳೆಯ ಮನಸ್ಸು. 'ಇರಬೇಕು ಅನ್ನಿಸಿದ್ದರೆ ಅವನೇ ಕೇಳುತ್ತಿದ್ದ.'

ಇದೇ ಮಾತನ್ನು ಎಷ್ಟು ವರ್ಷ ಕೇಳಿದ್ದಾಯಿತು!

ಎದ್ದಳು. ಡಂಕನ್ ಅಡುಗೆಕೋಣೆಯಲ್ಲಿ ಅಂಗಿಯ ತೋಳು ಮಡಚಿ ಎಲ್ಲರ ಕಪ್ಪು ತೊಳೆಯುತ್ತಿದ್ದ. ಒಂದು ಬಟ್ಟೆ ಎತ್ತಿಕೊಂಡು ಲೋರ್ನಾ ಪಕ್ಕದಲ್ಲಿ ನಿಂತು ಒರೆಸತೊಡಗಿದಳು. ನಾಲ್ಕು ಕಪ್ಪು ಒರೆಸಿ ಸಾಲಾಗಿ ಇಟ್ಟಳು.

"ಹೋಗ್ಬೇಡ," ಎಂದಳು.

ಅವನ ಕೈ ನೊರೆಯೊಳಗೇ ನಿಂತಿತು.

"ಇದು ಗಂಟೆ ತಂಡದವರ ಮಾತಾ, ನಿನ್ನದಾ?"

"ತಂಡಕ್ಕೆ ಆರನೆಯವರು ಯಾರಾದ್ರೂ ಸಿಗ್ತಾರೆ." ಅವಳು ಕಪ್ಪು ಕೆಳಗಿಟ್ಟಳು. "ನನಗೆ ಸಿಗಲಿಲ್ಲ ಡಂಕನ್. ಮದುವೆಯಾದೆ, ಮನೆ ಮಾಡಿದೆ, ನಗ್ತಾನೂ ಇದ್ದೆ. ಆದ್ರೆ ನಿನ್ನ ಜಾಗದಲ್ಲಿ ಯಾರೂ ನಿಲ್ಲಲಿಲ್ಲ. ಇದನ್ನ ಆವತ್ತೇ ಫೋನ್ ಮಾಡಿ ಹೇಳ್ಬೇಕಿತ್ತು. ಈಗ ಹೇಳ್ತಿದೀನಿ."

ಅವನು ನಲ್ಲಿ ನಿಲ್ಲಿಸಿದ. ಹೊರಗೆ ಪರದೆಯಲ್ಲಿ ಬ್ಯಾಗ್‌ಪೈಪಿನ ಸ್ವರ ದೂರ ದೂರ ಸರಿಯುತ್ತಿತ್ತು.

"ನಾನು ವಾಪಸ್ ಬಂದಿದ್ದೇ ನಿನ್ನ ನೋಡೋಕೆ," ಎಂದ ಕೊನೆಗೆ. "ಬಂದು ಮೂರು ವಾರ ಅಕ್ಕನ ಮನೆಯ ಕಿಟಕಿಯಲ್ಲೇ ನಿಂತಿದ್ದೆ. ನೀನು ಅಂಗಡಿಗೆ ಹೋಗೋದು ಕಾಣ್ತಿತ್ತು. ರಸ್ತೆ ದಾಟೋಕೆ ಧೈರ್ಯ ಸಾಲಲಿಲ್ಲ."

"ಹಾಗಾದ್ರೆ ಡಬ್ಲಿನ್?"

"ನೀನು ಎಂಟು ದಿನ ಮಾತಾಡ್ಲಿಲ್ಲ. ಓಡಿಹೋಗೋದು ನನಗೆ ಚೆನ್ನಾಗಿ ಬರುತ್ತಲ್ಲ." ಒದ್ದೆ ಕೈಯನ್ನೇ ಅವಳತ್ತ ಚಾಚಿದ. "ಬರಲ್ಲ ಅಂತ ಸಂಜೆಯೇ ಡಬ್ಲಿನ್‌ನವರಿಗೆ ಹೇಳ್ತೀನಿ."

ಲೋರ್ನಾ ಆ ಕೈ ಹಿಡಿದುಕೊಂಡಳು. ಸಾಬೂನಿನ ನೊರೆ ಅವಳ ತೋಳಿನ ಮೇಲೆ ಇಳಿಯಿತು. ಒರೆಸಿಕೊಳ್ಳಬೇಕು ಎನಿಸಲಿಲ್ಲ.

"ನೋಡು, ಮೊದಲೇ ಹೇಳಿಬಿಡ್ತೀನಿ," ಎಂದ ಅವನು. "ನಾನು ಆ ಡಂಕನ್ ಅಲ್ಲ. ಮಂಡಿ ನೋವು ಇದೆ. ಗೊರಕೆ ಹೊಡೀತೀನಿ. ದೇಶ ಬದಲಾಯಿಸ್ತೀನಿ ಅನ್ನೋ ಮಾತೆಲ್ಲ ಮುಗಿದುಹೋಗಿದೆ."

"ನಾನೂ ಆ ಲೋರ್ನಾ ಅಲ್ಲ," ಎಂದಳು ಅವಳು, ಅವನ ತೋಳಿಗೆ ಹಣೆ ಒತ್ತಿ. "ಅವಳಿಗೆ ಏನನ್ನೂ ಕೇಳೋಕೆ ಬಾಯಿ ಬರ್ತಿರ್ಲಿಲ್ಲ."

"ಈಗ ಏನು ಕೇಳ್ಬೇಕು?"

"ಮದುವೆ ಆಗ್ತೀಯಾ?"

"ಹ್ಞೂಂ," ಎಂದ ಅವನು. "ಈ ಕಪ್ಪುಗಳು ಮುಗಿದ ತಕ್ಷಣ."