ಟ್ಯಾಂಕಿನ ಬಲಗಡೆಯ ಡಬ್ಬಿ

"ಎಡಗಡೆ ಅಲ್ಲಮ್ಮಾ, ಬಲಗಡೆ," ಎಂದರು ಅಜ್ಜ.

ಹುಡುಗಿಯ ಕೈ ಅಲ್ಲೇ ನಿಂತಿತು. ಚಿಮಟದ ತುದಿಯಲ್ಲಿ ಕಡಲೆಕಾಳಿನಷ್ಟು ಪುಟ್ಟ ಡಬ್ಬಿ. ಬೆಂಕಿಕಡ್ಡಿ ಸೀಳಿ ಅವಳೇ ಮಾಡಿದ್ದು. ಅಂಟು ಆಗಲೇ ಹಚ್ಚಿಯಾಗಿತ್ತು.

"ಫೋಟೋ ನೋಡು ಅಜ್ಜಾ. ಎಡಗಡೆ ಇದೆ."

ಮನೆಯಲ್ಲಿ ಅವಳಿಗೆ ಸ್ಕೇಲು ಎಂದೇ ಹೆಸರು. ಏನು ಮಾಡಿದರೂ ಅಳೆದೇ ಮಾಡುವವಳು. ಭಾನುವಾರ ಆಟಿಕೆ ಅಂಗಡಿಯಲ್ಲಿ ಮಾಡೆಲ್ ಸ್ಪರ್ಧೆ ಇತ್ತು. ನಿಜವಾದ ಒಂದು ಯುದ್ಧದ ಟ್ಯಾಂಕನ್ನು ಫೋಟೋ ನೋಡಿಕೊಂಡು ಹಾಗೆಯೇ ಮಾಡಬೇಕು. ಪಕ್ಕದಲ್ಲಿ ಫೋಟೋ ಇಡಬೇಕು. ಅವಳು ಆರಿಸಿಕೊಂಡದ್ದು ಐವತ್ತು ವರ್ಷದ ಹಿಂದೆ ಅಜ್ಜ ಓಡಿಸಿದ ಟ್ಯಾಂಕನ್ನು. ಫೋಟೋದಲ್ಲಿ ಅದರ ಮುಂಭಾಗವೆಲ್ಲ ಕೆಸರು. ಮೇಲೆ ನಾಲ್ವರು ಸೈನಿಕರು ಕುಳಿತಿದ್ದರು, ಒಬ್ಬರು ಅಜ್ಜ.

"ಡ್ರೈವರ್ ಸೀಟಿಂದ ತಲೆ ಹೊರಗೆ ಹಾಕಿ ಬಲಗೈ ಚಾಚಿದ್ರೆ ಡಬ್ಬಿ ಸಿಗ್ತಿತ್ತು. ಟೀ ಪುಡಿ ಅದರಲ್ಲೇ ಇಡ್ತಿದ್ವಿ," ಎಂದರು ಅಜ್ಜ.

ಬಟ್ಟೆ ಮಡಚುತ್ತಿದ್ದ ಅಮ್ಮ ನಕ್ಕಳು. "ಮಾವ, ಬೆಳಿಗ್ಗೆ ಕನ್ನಡಕ ಎಲ್ಲಿ ಅಂತ ಮನೆಯೆಲ್ಲ ಹುಡುಕಿಸಿದ್ರಿ. ನಿಮ್ಮ ತಲೆ ಮೇಲೇ ಇತ್ತು."

ಅಜ್ಜನೂ ನಕ್ಕರು. ಆಮೇಲೆ ಫೋಟೋವನ್ನು ತುಂಬ ಹೊತ್ತು ನೋಡಿದರು. "ಹೌದು, ಎಡಗಡೆನೇ ಇದೆ. ನಂಗೇ ಮರೆತಿರ್ಬೇಕು."

ಕುರ್ಚಿಯ ಮೇಲಿದ್ದ ಅವರ ಬಲಗೈ ಒಮ್ಮೆ ಮುಂದಕ್ಕೆ ಚಾಚಿತು, ಮತ್ತೆ ಮಡಿಲಿಗೆ ಬಂತು. ಸ್ಕೇಲು ಡಬ್ಬಿಯನ್ನು ಎಡಗಡೆಗೆ ಅಂಟಿಸಿದಳು.

ಮರುದಿನ ಸಂಜೆ ಅಜ್ಜ ವಾಕಿಂಗ್ ಹೊರಟರು. "ಇದೊಂಚೂರು ಕಟ್ಟು," ಎಂದು ವಾಚು ಕೊಟ್ಟು ಎಡಗೈ ನೀಡಿದರು. ಪಟ್ಟಿ ಬಿಗಿಯುತ್ತಿದ್ದ ಸ್ಕೇಲು ಕೇಳಿದಳು, "ಟ್ಯಾಂಕ್ ಓಡಿಸೋವಾಗ ಬಲಗೈಗೆ ಕಟ್ತಿದ್ದೆಯಾ ಅಜ್ಜಾ?"

"ಬಲಗೈಗೆ? ಗೇರು ಎಳೆಯೋ ಕೈ ಅದು. ಒಂದೇ ದಿನಕ್ಕೆ ವಾಚು ಪುಡಿಪುಡಿ."

ಆದರೆ ಫೋಟೋದಲ್ಲಿ ಅಜ್ಜನ ವಾಚು ಬಲಗೈಯಲ್ಲಿತ್ತು. ಒಂದು ಸಾಕ್ಷಿ ಸಾಲದು ಎನಿಸಿ ಅವಳು ಅಪ್ಪನ ಶರಟು ತಂದು ಹಾಸಿದಳು. ಶರಟಿನ ಗುಂಡಿಗಳು ಬಲಗಡೆ. ಫೋಟೋದಲ್ಲಿ ನಾಲ್ವರಿಗೂ ಎಡಗಡೆ. ನಾಲ್ವರೂ ತಪ್ಪು ಶರಟು ಹಾಕಿರಲಾರರು.

"ಅಜ್ಜಾ, ಫೋಟೋನೇ ಉಲ್ಟಾ."

ಅಜ್ಜ ಫೋಟೋವನ್ನು ಮೂಗಿನ ಹತ್ತಿರ ಹಿಡಿದರು. "ಸ್ಟುಡಿಯೋದವನು ಫಿಲ್ಮು ಮಗುಚಿ ಇಟ್ಟು ಪ್ರಿಂಟ್ ಹಾಕಿದಾನೆ. ಎಡ ಬಲ ಎಲ್ಲ ಅದಲು ಬದಲು." ಮಾಡೆಲ್ ಕಡೆ ನೋಡಿ ಹೇಳಿದರು, "ಡಬ್ಬಿ ಹಾಗೇ ಇರ್ಲಿ ಬಿಡು. ಕಿತ್ರೆ ಬಣ್ಣ ಹೋಗುತ್ತೆ. ಫೋಟೋ ಥರಾನೇ ಇದ್ರೆ ನಿಂಗೆ ಮಾರ್ಕ್ಸ್ ಬರುತ್ತೆ."

ಸ್ಕೇಲು ಬ್ಲೇಡು ತಂದಳು. ಡಬ್ಬಿಯ ಜೊತೆ ಬಣ್ಣವೂ ಎದ್ದು ಬಂತು. ಅಲ್ಲೊಂದು ಬಿಳಿ ಕಲೆ ಉಳಿಯಿತು. ಹಸಿರು ಬಣ್ಣ ಮುಗಿದಿತ್ತು. ಡಬ್ಬಿಯನ್ನು ಬಲಗಡೆಗೆ ಅಂಟಿಸಿ, ಒಣಗುವವರೆಗೂ ಬೆರಳಿನಲ್ಲಿ ಒತ್ತಿ ಹಿಡಿದಳು.

ಭಾನುವಾರ ಅಂಗಡಿಯ ಮಾಲೀಕರು ಭೂತಗನ್ನಡಿ ಹಿಡಿದು ಬಂದರು. "ಫೋಟೋದಲ್ಲಿ ಡಬ್ಬಿ ಎಡಗಡೆ ಇದೆಯಲ್ಲಮ್ಮಾ."

ಅವಳು ಅಮ್ಮನ ಪುಟ್ಟ ಕನ್ನಡಿಯನ್ನು ಫೋಟೋ ಎದುರು ಹಿಡಿದಳು. "ಇದರಲ್ಲಿ ನೋಡಿ ಅಂಕಲ್. ವಾಚು ನೋಡಿ. ಗುಂಡಿ ನೋಡಿ."

ಅವರು ಬಗ್ಗಿ ನೋಡಿದರು. ಒಂದೊಂದೇ ಗುಂಡಿ ನೋಡಿದರು. "ಡಬ್ಬಿ ಬಲಗಡೆ ಅಂತ ಯಾರು ಹೇಳಿದ್ದು?"

"ಇವರು. ಇವರೇ ಡ್ರೈವರ್." ಅವಳು ಪಕ್ಕದಲ್ಲಿ ನಿಂತಿದ್ದ ಅಜ್ಜನನ್ನು ತೋರಿಸಿದಳು.

ಮಾಲೀಕರು ಅಜ್ಜನ ಕೈ ಕುಲುಕಿದರು. ಕುರ್ಚಿ ತರಿಸಿ ಕೂರಿಸಿದರು. ಬಣ್ಣ ಕಿತ್ತದ್ದಕ್ಕೆ ಎರಡು ಮಾರ್ಕ್ಸ್ ಕಳೆದರು. ಸ್ಕೇಲಿಗೆ ಮೂರನೇ ಬಹುಮಾನ ಬಂತು.

ಅವರು ಮನೆಗೆ ಬಂದಾಗ ಅಮ್ಮ ಕತ್ತರಿ ಹುಡುಕುತ್ತಿದ್ದಳು.

"ಮೇಜಿನ ಎರಡನೇ ಡ್ರಾಯರ್‌ನಲ್ಲಿ ಇಟ್ಟಿದೀನಿ," ಎಂದರು ಅಜ್ಜ.

ಅಮ್ಮ ಅದನ್ನು ಕಿವಿಗೆ ಹಾಕಿಕೊಳ್ಳದೆ ಅಡಿಗೆಮನೆಗೆ ಹೋದಳು. ಸ್ಕೇಲು ಎರಡನೇ ಡ್ರಾಯರ್ ತೆಗೆದಳು. ಕತ್ತರಿ ಇರಲಿಲ್ಲ. ಮೂರನೆಯದನ್ನು ತೆಗೆದಳು. ಇತ್ತು.

"ಸಿಕ್ತೇನೇ?" ಅಮ್ಮ ಒಳಗಿನಿಂದ ಕೇಳಿದಳು.

"ಸಿಕ್ತಮ್ಮಾ. ಅಜ್ಜ ಹೇಳಿದ ಮೇಜಲ್ಲೇ ಇತ್ತು," ಎಂದಳು ಸ್ಕೇಲು. ಎರಡೂ ಡ್ರಾಯರ್‌ಗಳನ್ನು ಸದ್ದಾಗದಂತೆ ಮುಚ್ಚಿದಳು.